ಸಂಗೊಳ್ಳಿ ಹಾದಿಯಲ್ಲಿ ಗಾಲಿಯ ಗಣಿತ

ಬೈಲಹೊಂಗಲ ಮತ್ತು ಕಿತ್ತೂರುಗಳ ನಡುವೆ, ಮಲಪ್ರಭೆಯ ದಂಡೆಗೆ ಒರಗಿಕೊಂಡಂತೆ ಇರುವ ಊರು ಸಂಗೊಳ್ಳಿ. 1824ರ ಕಿತ್ತೂರು ಯುದ್ಧದ ನಂತರವೂ ಬ್ರಿಟಿಷರ ನಿದ್ದೆಗೆಡಿಸಿದ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಹುಟ್ಟೂರು. ಶಾಲಾ ಪ್ರವಾಸದ ಮಕ್ಕಳು ಮೊದಲು ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಗೆ ಕೈಮುಗಿದು, ಅಲ್ಲಿಂದ ಸಂಗೊಳ್ಳಿಗೆ ಬರುತ್ತಾರೆ. ರಾಯಣ್ಣನ ಪ್ರತಿಮೆ ನೋಡುತ್ತಾರೆ, ಅವನ ಬದುಕನ್ನು ಶಿಲ್ಪಗಳಲ್ಲಿ ಕಂಡರಿಸಿದ ತಾಣದಲ್ಲಿ ಸುತ್ತಾಡುತ್ತಾರೆ. ರಾಯಣ್ಣನ ಹೆಸರಿನ ಸೈನಿಕ ಶಾಲೆಯೂ ಇಲ್ಲಿ ತಲೆಯೆತ್ತಿದೆ. ಜನವರಿಯ ಸಂಗೊಳ್ಳಿ ಉತ್ಸವಕ್ಕಂತೂ ಜನವೋ ಜನ.

ಆದರೆ ಈ ಹಾದಿಯಲ್ಲಿ ಇನ್ನೊಂದು ನೋಟವಿದೆ. ಅದಕ್ಕೆ ಟಿಕೇಟಿಲ್ಲ, ಫಲಕವಿಲ್ಲ. ಅದು ಗಾಲಿಗಳ ನೋಟ. ಕಬ್ಬು ಕಡಿಯುವ ಕಾಲದಲ್ಲಿ ಎರೆಹೊಲಗಳ ನಡುವಿನ ರಸ್ತೆಗಳಲ್ಲಿ, ಎಂ.ಕೆ. ಹುಬ್ಬಳ್ಳಿಯಲ್ಲಿರುವಂಥ ಸಕ್ಕರೆ ಕಾರ್ಖಾನೆಗಳ ಕಡೆಗೆ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಅವುಗಳ ಪಕ್ಕದಲ್ಲೇ, ಸಂಖ್ಯೆ ಇಳಿದರೂ ಸಂಪೂರ್ಣ ಮಾಯವಾಗದ ಎತ್ತಿನ ಚಕ್ಕಡಿಗಳು. ಹಿಂದಿನಿಂದ ಸ್ವಲ್ಪ ಹೊತ್ತು ಗಮನಿಸಿದರೆ ಸಾಕು: ಒಂದು ಗಾಲಿ ಕಂಬದಂತೆ ನೆಟ್ಟಗೆ ಉರುಳುತ್ತದೆ, ಇನ್ನೊಂದು ತಲೆಯನ್ನು ಒಳಕ್ಕೆ ವಾಲಿಸುತ್ತದೆ, ಮತ್ತೊಂದು ಕುಡಿದವನಂತೆ ಅತ್ತಿತ್ತ ತೂಗುತ್ತದೆ. ಕಟ್ಟೆಯ ಮೇಲೆ ಕುಳಿತ ಹಿರಿಯರು ಅದನ್ನು ಕಂಡರೆ ಸುಮ್ಮನಿರುವುದಿಲ್ಲ. “ಯಾಕೋ ತಮ್ಮಾ, ಗಾಲಿ ಹೊಯ್ದಾಡಾಕತ್ತೈತಲ್ಲ, ಗುಂಬ ಸವದೈತಿ ನೋಡು” ಎಂದು ಕೂಗಿ ಹೇಳಿಯೇ ಬಿಡುತ್ತಾರೆ.

ಆ ಒಂದು ಮಾತಿನಲ್ಲಿರುವ ವಿದ್ಯೆಯನ್ನೇ ರೇಸ್ ಕಾರು ಕಟ್ಟುವವರು ಕೋನಗಳ ಲೆಕ್ಕದಲ್ಲಿ ಬರೆದಿಡುತ್ತಾರೆ. ಗಾಲಿ ಎಷ್ಟು ವಾಲಿದೆ, ಯಾವ ಕಡೆ ತಿರುಗಿದೆ ಎಂಬುದನ್ನು ಅಳೆಯಲು ಅವರು ಬಳಸುವ ಸಾಮಾನುಗಳನ್ನು ಕೇಳಿದರೆ ಅಚ್ಚರಿಯಾದೀತು: ದಾರ, ತೂಗುಗುಂಡು, ನೀರು ತುಂಬಿದ ನಳಿಗೆ, ಒಂದು ಉಕ್ಕಿನ ಪಟ್ಟಿ. ಮನೆ ಕಟ್ಟುವ ಗೌಂಡಿಯ ಚೀಲದಲ್ಲಿ ಇರುವಂಥವೇ!

ಓಟದ ಹುಚ್ಚು ಹೊಸತಲ್ಲ

ಈ ಸೀಮೆಗೆ ಓಟದ ಹುಚ್ಚು ಹೊಸತೇನಲ್ಲ. ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವುದು, ಜಾತ್ರೆಯಲ್ಲಿ ಹಗುರವಾದ ಗಾಡಿ ಕಟ್ಟಿ ಶರ್ಯತ್ತು ಓಡಿಸುವುದು ಬೆಳಗಾವಿ ಜಿಲ್ಲೆಯ ಹಳ್ಳಿಗಳಿಗೆ ಹಬ್ಬವಿದ್ದಂತೆ. 2014ರಲ್ಲಿ ಸುಪ್ರೀಂ ಕೋರ್ಟು ಎತ್ತಿನ ಗಾಡಿ ಓಟಗಳಿಗೆ ತಡೆಯೊಡ್ಡಿತು. ಕರ್ನಾಟಕ 2017ರ ತಿದ್ದುಪಡಿ ಕಾಯ್ದೆಯ ಮೂಲಕ ಕಂಬಳ ಮತ್ತು ಗಾಡಿ ಓಟಗಳಿಗೆ ಷರತ್ತುಗಳೊಂದಿಗೆ ದಾರಿ ಮಾಡಿತು. ಆ ಕಾಯ್ದೆಯನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎತ್ತಿಹಿಡಿಯಿತು.

ಎತ್ತಿನ ಮೇಲೆ ಬೀಳುವ ಭಾರದ ಚಿಂತೆ ಓಟದ ಅಂಗಳಕ್ಕಷ್ಟೇ ಸೇರಿದ್ದಲ್ಲ. ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ದಶಕಗಳ ಕಾಲ ದುಡಿದರು. ದೊಡ್ಡ ದೊಡ್ಡ ಉದ್ಯಮಗಳ ಲೆಕ್ಕ ಹೇಳಿಕೊಡುವ ಸಂಸ್ಥೆಯ ಮುಖ್ಯಸ್ಥರೊಬ್ಬರು ಚಕ್ಕಡಿಯ ನೊಗ, ಅಚ್ಚು, ಗಾಲಿಗಳ ಬಗ್ಗೆ ತಲೆಕೆಡಿಸಿಕೊಂಡಿದ್ದು ಸಣ್ಣ ಸಂಗತಿಯಲ್ಲ. ವಾಲಿದ ಗಾಲಿಯ ದಂಡವನ್ನು ಕೊನೆಗೆ ತೆರುವುದು ಎತ್ತಿನ ಹೆಗಲೇ ತಾನೆ?

ಕಾರಿನ ಓಟದ ಕಥೆ ಬೇರೆ. 1981ರಲ್ಲಿ ಅಮೆರಿಕದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ‘ಫಾರ್ಮುಲಾ ಎಸ್.ಎ.ಇ.’ ಎಂಬ ಸ್ಪರ್ಧೆ ಆರಂಭವಾಯಿತು. ವಿದ್ಯಾರ್ಥಿಗಳೇ ಸಣ್ಣದೊಂದು ರೇಸ್ ಕಾರನ್ನು ರೂಪಿಸಿ, ಕಟ್ಟಿ, ಓಡಿಸಿ ತೋರಿಸಬೇಕು. ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 2003ರಲ್ಲಿ ‘ಅಶ್ವ ರೇಸಿಂಗ್’ ತಂಡ ಕಟ್ಟಿ ಈ ಹಾದಿ ಹಿಡಿದರು. ಹಳ್ಳಕೊಳ್ಳಗಳಲ್ಲಿ ಓಡುವ ಬಂಡಿಗಳ ‘ಬಾಹಾ’ ಸ್ಪರ್ಧೆ ಭಾರತದಲ್ಲಿ 2007ರಲ್ಲಿ ಶುರುವಾಯಿತು. ಸಂಗೊಳ್ಳಿಗೆ ಹೆಚ್ಚು ದೂರವಲ್ಲದ ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಅದರಲ್ಲಿ ಭಾಗವಹಿಸಿದ್ದಾರೆ.

ಮೂರು ಕೋನಗಳು

ರೇಸ್ ಕಾರನ್ನು ನೆಲಕ್ಕೆ ಹಿಡಿದಿಡುವುದು ನಾಲ್ಕು ಟೈರುಗಳು. ಒಂದೊಂದು ಟೈರೂ ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಅಂಗೈಯಗಲ. ಆ ಅಂಗೈಯಗಲವನ್ನು ಸರಿಯಾಗಿ ಊರಿಸುವುದಕ್ಕಾಗಿಯೇ ಮೂರು ಕೋನಗಳ ಲೆಕ್ಕ.

ಮೊದಲನೆಯದು ಕ್ಯಾಂಬರ್. ಎದುರು ನಿಂತು ನೋಡಿದಾಗ ಗಾಲಿಯ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಪ್ರಮಾಣ. ಕಾರು ರಭಸದಿಂದ ತಿರುಗುವಾಗ ಅದರ ಮೈ ಹೊರಕ್ಕೆ ಬಾಗುತ್ತದೆ. ಹೊರಬದಿಯ ಗಾಲಿಯೂ ಅದರ ಜೊತೆಗೆ ಹೊರಕ್ಕೆ ವಾಲುತ್ತದೆ. ಆದ್ದರಿಂದ ರೇಸ್ ಕಾರಿನ ಗಾಲಿಯನ್ನು ಮೊದಲೇ ಒಂದೆರಡು ಡಿಗ್ರಿ ಒಳಕ್ಕೆ ವಾಲಿಸಿರುತ್ತಾರೆ. ತಿರುವಿನಲ್ಲಿ ಅದು ನೆಟ್ಟಗಾಗಿ ಟೈರು ಪೂರ್ತಿ ನೆಲಕ್ಕೆ ಕೂರಲಿ ಎಂದು.

ಎರಡನೆಯದು ಟೋ. ಇಂಗ್ಲಿಷಿನಲ್ಲಿ ಕಾಲ್ಬೆರಳಿಗಿರುವ ಹೆಸರೇ ಇದಕ್ಕೂ. ಮೇಲಿನಿಂದ ನೋಡಿದಾಗ ಎರಡು ಗಾಲಿಗಳ ಮೂತಿ ಒಳಕ್ಕೆ ಸೇರುತ್ತಿವೆಯೋ, ಹೊರಕ್ಕೆ ಚದುರುತ್ತಿವೆಯೋ ಎಂಬ ಲೆಕ್ಕ. ಒಬ್ಬ ಮನುಷ್ಯ ಪಾದಗಳನ್ನು ಒಳಮುಖವಾಗಿಟ್ಟು ನಡೆದಂತೆ ಅಥವಾ ಹೊರಮುಖವಾಗಿಟ್ಟು ನಡೆದಂತೆ.

ಮೂರನೆಯದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗೆ ನಿಲ್ಲದೆ ತುಸು ಹಿಂದಕ್ಕೆ ಒರಗಿರುವುದನ್ನು ಎಲ್ಲರೂ ನೋಡಿದ್ದಾರೆ. ಕಾರಿನಲ್ಲೂ ಗಾಲಿ ತಿರುಗುವ ಅಕ್ಷವನ್ನು ಹಾಗೆಯೇ ಒರಗಿಸಿರುತ್ತಾರೆ. ಸ್ಟೀರಿಂಗ್ ಬಿಟ್ಟಾಗ ಗಾಲಿ ತಾನಾಗಿ ನೇರ ದಾರಿಗೆ ಮರಳಲು ಅದು ನೆರವಾಗುತ್ತದೆ.

ಈ ಚಿಂತನೆಯ ಬೇರು ಇರುವುದು ಕುದುರೆಗಾಡಿಗಳ ಕಾಲದಲ್ಲಿ. ಯುರೋಪಿನ ಹಳೆಯ ಗಾಡಿಗಳ ಗಾಲಿ ತಟ್ಟೆಯಂತೆ ತುಸು ಕುಳಿಯಾಗಿರುತ್ತಿತ್ತು, ಅಚ್ಚಿನ ತುದಿ ತುಸು ಕೆಳಮುಖವಾಗಿರುತ್ತಿತ್ತು. ನೆಲಕ್ಕೆ ಊರಿದ ಅರ ನೆಟ್ಟಗೆ ನಿಂತು ಭಾರ ಹೊರಲಿ ಎಂಬ ಉಪಾಯ ಅದು. ತಿರುವಿನಲ್ಲಿ ಒಳಗಾಲಿ ಹೆಚ್ಚು, ಹೊರಗಾಲಿ ಕಡಿಮೆ ತಿರುಗಬೇಕೆಂಬ ಸೂತ್ರವನ್ನು ಕಂಡುಕೊಂಡವನು ಲ್ಯಾಂಕೆನ್ಸ್‌ಪರ್ಗರ್ ಎಂಬ ಮ್ಯೂನಿಕ್‌ನ ಗಾಡಿ ಕಟ್ಟುವ ಕಸುಬುದಾರ. ಅದಕ್ಕೆ ಇಂಗ್ಲೆಂಡಿನಲ್ಲಿ 1818ರಲ್ಲಿ ಪೇಟೆಂಟ್ ಪಡೆದವನು ಆಕರ್ಮನ್. ಸೂತ್ರಕ್ಕೆ ಇಂದಿಗೂ ಅವನದೇ ಹೆಸರು. ಆಗ ಸಂಗೊಳ್ಳಿಯ ರಾಯಣ್ಣ ಇಪ್ಪತ್ತರ ಆಸುಪಾಸಿನ ತರುಣ. ಮೋಟಾರು ಕಾರಿನ ಹುಟ್ಟು ಇನ್ನೂ ಎಷ್ಟೋ ದಶಕಗಳ ದೂರದಲ್ಲಿತ್ತು.

ಮೊದಲು ನೆಲ

ಅಳತೆಗೆ ಕೂರುವ ಮುನ್ನ ನೆಲ ಸಮತಟ್ಟಾಗಿದೆಯೇ ಎಂದು ನೋಡಬೇಕು. ಎಡಗಾಲಿಗೂ ಬಲಗಾಲಿಗೂ ನಡುವೆ 1,200 ಮಿಲಿಮೀಟರು ಅಂತರವಿದೆ ಎನ್ನೋಣ. ಒಂದು ಬದಿಯ ನೆಲ ಬರೀ 10 ಮಿಲಿಮೀಟರು ಎತ್ತರವಿದ್ದರೆ ಸುಮಾರು ಅರ್ಧ ಡಿಗ್ರಿಯ ಸುಳ್ಳು ಲೆಕ್ಕದೊಳಗೆ ನುಸುಳುತ್ತದೆ. ರೇಸ್ ಕಾರಿಗೆ ಅರ್ಧ ಡಿಗ್ರಿ ದೊಡ್ಡ ಮಾತು.

ಇಲ್ಲಿ ನೆರವಿಗೆ ಬರುವುದು ಗೌಂಡಿಗಳ ನೀರಿನ ನಳಿಗೆ. ಪಾರದರ್ಶಕ ನಳಿಗೆಯಲ್ಲಿ ಗುಳ್ಳೆಯಿಲ್ಲದಂತೆ ನೀರು ತುಂಬಿ ಎರಡು ತುದಿಗಳನ್ನು ಎರಡು ಗಾಲಿಗಳ ಬಳಿ ಹಿಡಿದರೆ, ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿಂದ ನೆಲಕ್ಕೆ ಅಳೆದರೆ ಯಾವ ಗಾಲಿ ತಗ್ಗಿನಲ್ಲಿದೆ ಎಂಬುದು ಗೊತ್ತಾಗುತ್ತದೆ. ತಗ್ಗಿನ ಗಾಲಿಯಡಿ ತೆಳುವಾದ ತಗಡನ್ನೋ ಟೈಲ್ಸ್ ತುಂಡನ್ನೋ ಇಟ್ಟು ನಾಲ್ಕೂ ಜಾಗಗಳನ್ನು ಸಮ ಮಾಡಬೇಕು.

ನೆಲ ಸಿದ್ಧವಾದ ಮೇಲೆ ಕಾರಿನ ಸಿದ್ಧತೆ. ಟೈರುಗಳ ಗಾಳಿ ಎಡಬಲ ಸಮನಾಗಿರಬೇಕು. ಸೀಟಿನಲ್ಲಿ ಚಾಲಕ ಕೂತಿರಬೇಕು, ಇಲ್ಲವೇ ಅವನ ತೂಕದಷ್ಟು ಮರಳಿನ ಚೀಲ ಇಟ್ಟಿರಬೇಕು. ಸ್ಟೀರಿಂಗನ್ನು ನೇರಕ್ಕೆ ಕಟ್ಟಿ ನಿಲ್ಲಿಸಬೇಕು. ಕಾರನ್ನು ತುಸು ಹಿಂದೆಮುಂದೆ ತಳ್ಳಿ, ಮೇಲಿನಿಂದ ಒತ್ತಿ ಬಿಟ್ಟರೆ ಸ್ಪ್ರಿಂಗುಗಳು ತಮ್ಮ ಜಾಗದಲ್ಲಿ ಕೂರುತ್ತವೆ. ಅಳತೆಯೆಲ್ಲ ಗಾಲಿಗಳು ನೆಲದ ಮೇಲೆ ನಿಂತಿರುವಾಗಲೇ ನಡೆಯಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯಡಿ ಯಾರೂ ತಲೆ ಹಾಕಬಾರದು. ಇದು ವಿದ್ಯಾರ್ಥಿಗಳೂ ಹೆತ್ತವರೂ ಮರೆಯಬಾರದ ಮಾತು.

ತೂಗುಗುಂಡಿನ ಸಾಕ್ಷಿ

ಕ್ಯಾಂಬರ್ ಅಳೆಯಲು ಗಾಲಿಯ ಹೊರಬದಿಗೆ, ನಟ್ಟನಡುವೆ ಬರುವಂತೆ ತೂಗುಗುಂಡನ್ನು ಇಳಿಬಿಡಬೇಕು. ಗಾಳಿಗೆ ಗುಂಡು ಅಲುಗುತ್ತಿದ್ದರೆ ಅದನ್ನು ಒಂದು ಬಕೇಟು ನೀರಿನಲ್ಲಿ ಮುಳುಗಿಸಿದರಾಯಿತು, ದಾರ ಬೇಗ ನಿಶ್ಚಲವಾಗುತ್ತದೆ. ಈಗ ದಾರದಿಂದ ರಿಮ್ಮಿನ ಮೇಲಂಚಿಗೆ ಎಷ್ಟು, ಕೆಳಂಚಿಗೆ ಎಷ್ಟು ಎಂದು ಅಡ್ಡವಾಗಿ ಅಳೆಯಬೇಕು. ಮೇಲಂಚು ದಾರದಿಂದ ಹೆಚ್ಚು ದೂರವಿದ್ದರೆ ಗಾಲಿಯ ತಲೆ ಒಳಕ್ಕೆ ವಾಲಿದೆ ಎಂದರ್ಥ.

ಎಷ್ಟು ಡಿಗ್ರಿ? ಹತ್ತನೆಯ ತರಗತಿಯ ತ್ರಿಕೋನಮಿತಿ ಇಲ್ಲಿ ಕೈಹಿಡಿಯುತ್ತದೆ. ಎರಡು ಅಳತೆಗಳ ವ್ಯತ್ಯಾಸವನ್ನು ಮೇಲಂಚು-ಕೆಳಂಚುಗಳ ನಡುವಣ ದೂರದಿಂದ ಭಾಗಿಸಿದರೆ ಸಿಗುವುದು ಕೋನದ ಟ್ಯಾಂಜೆಂಟ್. ಸಣ್ಣ ಕೋನಗಳಿಗೆ ಇನ್ನೂ ಸುಲಭ ದಾರಿಯಿದೆ: ಆ ಭಾಗಲಬ್ಧವನ್ನು 57.3ರಿಂದ ಗುಣಿಸಿದರೆ ಡಿಗ್ರಿ ಸಿಗುತ್ತದೆ. 180ನ್ನು ಪೈಯಿಂದ ಭಾಗಿಸಿದರೆ ಬರುವ ಸಂಖ್ಯೆಯಿದು. ಅಂಚಿನಿಂದ ಅಂಚಿಗೆ 344 ಮಿಲಿಮೀಟರು ಇರುವ ರಿಮ್ಮಿನಲ್ಲಿ ವ್ಯತ್ಯಾಸ 6 ಮಿಲಿಮೀಟರು ಬಂದರೆ ಸರಿಯಾಗಿ ಒಂದು ಡಿಗ್ರಿ. 9 ಬಂದರೆ ಒಂದೂವರೆ.

ರಿಮ್ಮೇ ಸೊಟ್ಟಗಾಗಿದ್ದರೆ? ಕಾರನ್ನು ಗಾಲಿ ಅರ್ಧ ಸುತ್ತು ಉರುಳುವಷ್ಟು ತಳ್ಳಿ ಇನ್ನೊಮ್ಮೆ ಅಳೆದು ಎರಡರ ಸರಾಸರಿ ಹಿಡಿಯಬೇಕು. ಸೊಟ್ಟದ ಸುಳ್ಳು ಆಗ ತನ್ನಷ್ಟಕ್ಕೆ ಕಳೆದುಹೋಗುತ್ತದೆ.

ಎರಡು ದಾರ, ನಾಲ್ಕು ಗಾಲಿ

ಟೋ ಅಳೆಯುವುದು ಮನೆಯ ಪಾಯ ಗುರುತು ಹಾಕಿದಂತೆ. ಕಾರಿನ ಮುಂದೊಂದು, ಹಿಂದೊಂದು ಅಡ್ಡ ಕೊಳವೆ ಇಟ್ಟು, ಎರಡರಲ್ಲೂ ಒಂದೇ ಅಂತರದಲ್ಲಿ ಗೀರು ಹಾಕಿ, ಆ ಗೀರುಗಳಲ್ಲಿ ಎಡಬಲಕ್ಕೆ ದಾರ ಬಿಗಿಯುತ್ತಾರೆ. ದಾರಗಳು ಗಾಲಿಯ ಗುಂಬದ ಎತ್ತರದಲ್ಲಿರಬೇಕು. ಕಾರಿನ ಸುತ್ತ ಈಗ ಒಂದು ಆಯತ. ನಿಜಕ್ಕೂ ಆಯತವೇ? ಗೌಂಡಿ ಮಾಡುವಂತೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದು ನೋಡಿದರೆ ತಿಳಿಯುತ್ತದೆ.

ಬಳಿಕ ಕಾರು ಈ ಆಯತದ ನಟ್ಟನಡುವೆ ಇದೆಯೇ ನೋಡಬೇಕು. ಮುಂದಿನ ಎರಡು ಗುಂಬಗಳಿಂದ ದಾರಕ್ಕೆ ಎಡಬಲ ಸಮ ಅಂತರ, ಹಿಂದಿನ ಎರಡಕ್ಕೂ ಹಾಗೆಯೇ ಎಡಬಲ ಸಮ. ಮುಂದಿನ ಅಂತರವೂ ಹಿಂದಿನ ಅಂತರವೂ ಒಂದೇ ಆಗಬೇಕಿಲ್ಲ, ಯಾಕೆಂದರೆ ಎಷ್ಟೋ ಕಾರುಗಳಲ್ಲಿ ಮುಂದಿನ ಗಾಲಿಗಳ ಅಗಲವೇ ಬೇರೆ, ಹಿಂದಿನದೇ ಬೇರೆ.

ಕೊನೆಗೆ ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಮತ್ತು ಹಿಂದಿನ ಅಂಚಿಗೆ ಅಳತೆ. ಮುಂದೆ 152, ಹಿಂದೆ 150 ಮಿಲಿಮೀಟರು ಬಂದರೆ ಗಾಲಿಯ ಮೂತಿ 2 ಮಿಲಿಮೀಟರು ಒಳಕ್ಕೆ ತಿರುಗಿದೆ. ಅದೇ 344 ಮಿಲಿಮೀಟರಿನ ರಿಮ್ಮಿಗೆ ಇದು ಮೂರನೆಯ ಒಂದು ಡಿಗ್ರಿ.

ಇಷ್ಟು ಚಿಕ್ಕದಕ್ಕೆ ಇಷ್ಟು ಪರದಾಟವೇಕೆ ಎಂದು ಯಾರಾದರೂ ಕೇಳಬಹುದು. ನೇರ ದಾರಿಯಲ್ಲಿ ಗಾಲಿಯೊಂದು ಒಂದು ಡಿಗ್ರಿ ಓರೆಯಾಗಿ ಸಾಗಿದರೆ, ಪ್ರತಿ ಕಿಲೋಮೀಟರಿಗೆ ಟೈರು ಸುಮಾರು 17 ಮೀಟರಿನಷ್ಟು ಅಡ್ಡಡ್ಡ ಉಜ್ಜಿಸಿಕೊಂಡಂತೆ. ಕಬ್ಬಿನ ಟ್ರೇಲರಿನ ಟೈರು ಒಂದೇ ಬದಿಗೆ ಸವೆದು ಅಕಾಲದಲ್ಲಿ ಹಾಳಾಗುವುದಕ್ಕೆ ಇಂಥ ಓರೆಯೂ ಒಂದು ಕಾರಣ. ಓಟದ ಕಾರಿನಲ್ಲಿ ಅದು ಕ್ಷಣಗಳ ನಷ್ಟ, ರೈತನ ಮನೆಯಲ್ಲಿ ಹೊಸ ಟೈರಿನ ಖರ್ಚು.

ತಿರುಗಿಸಿ ನೋಡುವ ಕೋನ

ಕ್ಯಾಸ್ಟರ್ ಮಾತ್ರ ನೇರ ಅಳತೆಗೆ ಸಿಗುವುದಿಲ್ಲ, ಅದರ ಅಕ್ಷ ಗಾಲಿಯ ಒಳಗೆ ಅಡಗಿರುತ್ತದೆ. ಅದನ್ನು ಹೊರಗೆಡಹಲು ಒಂದು ಜಾಣ ದಾರಿಯಿದೆ. ಮುಂದಿನ ಗಾಲಿಗಳ ಅಡಿ ಎರಡೆರಡು ನುಣುಪು ತಗಡುಗಳನ್ನಿಟ್ಟು ನಡುವೆ ಗ್ರೀಸು ಸವರಬೇಕು, ಗಾಲಿ ಬಿಗಿಹಿಡಿಯದೆ ತಿರುಗಲಿ ಎಂದು. ನೆಲದ ಮೇಲೆ ಸೀಮೆಸುಣ್ಣದಿಂದ 20 ಡಿಗ್ರಿಯ ಗೆರೆ ಎಳೆಯಬೇಕು. ಕೋನಮಾಪಕ ಬೇಡ: ನೇರ 1,000 ಮಿಲಿಮೀಟರು ಹೋಗಿ ಪಕ್ಕಕ್ಕೆ 364 ಮಿಲಿಮೀಟರು ಸರಿದರೆ ಅದೇ 20 ಡಿಗ್ರಿ.

ಗಾಲಿಯನ್ನು ಒಮ್ಮೆ 20 ಡಿಗ್ರಿ ಹೊರಕ್ಕೆ, ಒಮ್ಮೆ 20 ಡಿಗ್ರಿ ಒಳಕ್ಕೆ ತಿರುಗಿಸಿ ಎರಡೂ ಸಲ ತೂಗುಗುಂಡಿನಿಂದ ಕ್ಯಾಂಬರ್ ಅಳೆಯಬೇಕು. ಒಂದು ಕಡೆ 3 ಡಿಗ್ರಿ ಒಳವಾಲು, ಇನ್ನೊಂದು ಕಡೆ 1 ಡಿಗ್ರಿ ಹೊರವಾಲು ಬಂತೆನ್ನಿ. ಒಟ್ಟು ವ್ಯತ್ಯಾಸ 4. ಅದನ್ನು ಸುಮಾರು ಒಂದೂವರೆಯಿಂದ ಗುಣಿಸಿದರೆ ಕ್ಯಾಸ್ಟರ್ ಹೆಚ್ಚುಕಡಿಮೆ 6 ಡಿಗ್ರಿ. ಆ ಒಂದೂವರೆ ಎಲ್ಲಿಂದ ಬಂತು ಎಂಬುದನ್ನು ಸೈನ್ 20 ಡಿಗ್ರಿಯ ಬೆಲೆ ಹುಡುಕಿ ತಿಳಿಯುವುದು ಪಿ.ಯು. ವಿದ್ಯಾರ್ಥಿಗಳಿಗೆ ಒಳ್ಳೆಯ ಮನೆಗೆಲಸ.

ಹೆದ್ದಾರಿ ಬದಿಯ ಟೈರಂಗಡಿಗಳಲ್ಲಿ ಇದನ್ನೆಲ್ಲ ಕಂಪ್ಯೂಟರು ಯಂತ್ರ ಕೆಲವೇ ನಿಮಿಷಗಳಲ್ಲಿ ಹೇಳುತ್ತದೆ, ನಿಜ. ಆದರೆ ಓಟದ ಮೈದಾನಕ್ಕೆ ಯಂತ್ರವನ್ನು ಹೊತ್ತೊಯ್ಯುವುದು ಸುಲಭವಲ್ಲ. ದಾರ ಜೇಬಿನಲ್ಲಿ ಬರುತ್ತದೆ. ಹೆಸರಾಂತ ರೇಸ್ ತಂಡಗಳೂ ಇಂದಿಗೂ ಕಾರಿನ ಸುತ್ತ ದಾರ ಕಟ್ಟುವುದನ್ನು ಬಿಟ್ಟಿಲ್ಲ.

ಕಣ್ಣಳತೆ ಮತ್ತು ಪುಸ್ತಕ

ಹಳ್ಳಿಯ ಬಡಿಗೇರ ಮತ್ತು ಕಂಬಾರರಿಗೆ ಈ ಡಿಗ್ರಿಗಳ ಹೆಸರು ಗೊತ್ತಿರಲಿಕ್ಕಿಲ್ಲ. ಗುಂಬಕ್ಕೆ ಅರ ಕೂರಿಸುವಾಗ, ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಗಾಲಿಗೆ ತೊಡಿಸಿ ನೀರು ಸುರಿಯುವಾಗ, ಕಡಾಣಿ ಬಡಿಯುವಾಗ ಅವರು ಒಂದು ಕಣ್ಣು ಮುಚ್ಚಿ ನೋಡುವ ನೋಟದಲ್ಲಿ ತಲೆಮಾರುಗಳ ಅನುಭವವಿದೆ. ಆದರೆ ಆ ಕಣ್ಣಳತೆ ಅವರ ಜೊತೆಗೇ ಹೊರಟುಹೋಗುತ್ತದೆ. ಮಗ ಬೇರೆ ಕೆಲಸ ಹಿಡಿದರೆ ಆ ವಿದ್ಯೆ ಯಾರ ಕೈಗೂ ಸಿಗುವುದಿಲ್ಲ. ಟ್ರ್ಯಾಕ್ಟರುಗಳು ಬಂದಂತೆ ಗಾಲಿಯ ಬಡಿಗೆತನ ಹಳ್ಳಿಯಿಂದ ಹಳ್ಳಿಗೆ ಕಡಿಮೆಯಾಗುತ್ತಿದೆ.

ರೇಸ್ ಕಾರಿನ ಹುಡುಗರು ಈ ಕಣ್ಣಳತೆಗೆ ಸೇರಿಸಿದ್ದು ಒಂದು ಪುಸ್ತಕವನ್ನು. ಇಂದು ಯಾವ ಗಾಲಿ ಎಷ್ಟು ವಾಲಿತ್ತು, ಯಾವ ಬೋಲ್ಟನ್ನು ಎಷ್ಟು ಸುತ್ತು ತಿರುಗಿಸಿದೆವು, ಕಾರು ಹೇಗೆ ಓಡಿತು ಎಂದು ತಾರೀಖು ಹಾಕಿ ಬರೆಯುತ್ತಾರೆ. ಒಬ್ಬ ಅಳೆದದ್ದನ್ನು ಇನ್ನೊಬ್ಬ, ಮೊದಲಿನವನ ಅಂಕಿ ನೋಡದೆ, ಮತ್ತೆ ಅಳೆಯಬೇಕು. ಇಬ್ಬರ ಅಂಕಿ ಕೂಡಿ ಬರದಿದ್ದರೆ ಮೂರನೆಯ ಸಲ. ಬರೆದಿಟ್ಟ ಅಂಕಿಯನ್ನು ಮುಂದಿನ ವರ್ಷದ ವಿದ್ಯಾರ್ಥಿ ಓದಬಹುದು, ತಪ್ಪಿದ್ದರೆ ತಿದ್ದಬಹುದು.

ಹಳ್ಳಿಯ ಹುಡುಗರಿಗೆ ಇಂಜಿನಿಯರಿಂಗ್ ಎಂದರೆ ದೊಡ್ಡ ಯಂತ್ರ, ದೊಡ್ಡ ಊರು, ದೊಡ್ಡ ದುಡ್ಡು ಎಂಬ ಅಳುಕು ಇನ್ನೂ ಹೋಗಿಲ್ಲ. ಮಗ ಟ್ರ್ಯಾಕ್ಟರಿನ ಗಾಲಿ ಬಿಚ್ಚುತ್ತ ಕೂತರೆ ‘ಓದು ಬಿಟ್ಟು ಇದೇನು’ ಎಂದು ಗದರುವ ಅಪ್ಪಂದಿರಿದ್ದಾರೆ. ಮಗಳು ಸ್ಪ್ಯಾನರ್ ಹಿಡಿದರಂತೂ ಕೇಳುವುದೇ ಬೇಡ. ಗದರುವ ಮೊದಲು ‘ಎಷ್ಟು ಓರೆ ಇದೆ, ಅಳೆದು ಬರೆದು ತೋರಿಸು’ ಎಂದು ಕೇಳಿದರೆ ಅದೇ ಆಟ ಪಾಠವಾಗುತ್ತದೆ. ಐ.ಟಿ.ಐ., ಡಿಪ್ಲೊಮಾ, ಬಿ.ಇ. ಯಾವ ದಾರಿ ಹಿಡಿದರೂ ಆ ಪಾಠ ಜೊತೆಗಿರುತ್ತದೆ.

ಸಂಗೊಳ್ಳಿಗೆ ಹೋಗುವವರು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕಿತ್ತೂರು ಅಥವಾ ಎಂ.ಕೆ. ಹುಬ್ಬಳ್ಳಿಯವರೆಗೆ ಬಂದು ಒಳದಾರಿ ಹಿಡಿಯಬಹುದು, ಬೈಲಹೊಂಗಲದ ಕಡೆಯಿಂದಲೂ ಬರಬಹುದು. ರಾಯಣ್ಣನ ದರ್ಶನ, ಮಲಪ್ರಭೆಯ ದಂಡೆ, ಕಿತ್ತೂರಿನ ಕೋಟೆ ಎಲ್ಲ ಒಂದೇ ದಿನದಲ್ಲಿ ಮುಗಿಯುತ್ತದೆ. ಮಕ್ಕಳ ಚೀಲದಲ್ಲಿ ಒಂದು ಮಾರು ದಾರ, ಅದರ ತುದಿಗೆ ಕಟ್ಟಲು ಒಂದು ನಟ್ಟು, ಒಂದು ಅಳತೆ ಟೇಪು ಇದ್ದರೆ ಚೆನ್ನು. ಯಾವುದಾದರೂ ಅಂಗಳದಲ್ಲಿ ಎತ್ತು ಬಿಚ್ಚಿ ನಿಲ್ಲಿಸಿದ ಚಕ್ಕಡಿ ಕಂಡರೆ ಮನೆಯವರನ್ನು ಕೇಳಿಕೊಂಡು, ಗುಂಬದ ಎತ್ತರದಲ್ಲಿ ಎರಡು ಗಾಲಿಗಳ ನಡುವಣ ಅಂತರ ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಅಳೆಯಲಿ. ಎರಡೂ ಒಂದೇ ಬಂದರೆ ಆ ಬಡಿಗೇರನ ಹೆಸರು ಕೇಳಿ ಬರೆದುಕೊಳ್ಳಲಿ. ಬೇರೆ ಬೇರೆ ಬಂದರೆ ಯಾಕೆಂದು ಆ ಮನೆಯ ಹಿರಿಯರನ್ನೇ ಕೇಳಲಿ.